ಕಾಲೇಜಿನ ಮಕ್ಕಳು ಮತಗಟ್ಟೆಗೆ ಏಕೆ ಬರುತ್ತಿಲ್ಲ? ಅನುಭವ ಉಳ್ಳವರು ದಯವಿಟ್ಟು ತಿಳಿಸಿ

ಪ್ರಶ್ನೆ: ಪದವಿ ಕಾಲೇಜಿನ ಅಧ್ಯಾಪಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಕಾಲೇಜಿನ ಮತದಾರರ ಸಾಕ್ಷರತಾ ಸಂಘದ ಹೊಣೆಯೂ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಬಹಳ ದಿನಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಒಂದು ವಿಷಯವನ್ನು ಇಲ್ಲಿ ಕೇಳುತ್ತಿದ್ದೇನೆ.

2024ರ ಏಪ್ರಿಲ್ 26, ಶುಕ್ರವಾರ, ಬೆಂಗಳೂರಿನಲ್ಲಿ ಲೋಕಸಭಾ ಚುನಾವಣೆಯ ಮತದಾನ ನಡೆಯಿತು. ಸೋಮವಾರ ತರಗತಿಗೆ ಹೋದವಳು ಪಾಠ ಆರಂಭಿಸುವ ಮೊದಲು ಎಲ್ಲರಿಗೂ ಎಡಗೈಯ ತೋರುಬೆರಳು ಎತ್ತಿ ತೋರಿಸಿ ಎಂದು ಹೇಳಿದೆ. ಅಂದು ಬಂದಿದ್ದವರು ಐವತ್ತೆಂಟು ವಿದ್ಯಾರ್ಥಿಗಳು. ಶಾಯಿಯ ಗುರುತು ಇದ್ದದ್ದು ಒಂಬತ್ತು ಬೆರಳುಗಳಲ್ಲಿ ಮಾತ್ರ. ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿಯ ಉಗುರಿನಿಂದ ಗೆಣ್ಣಿನವರೆಗೆ ಇಳಿದಿದ್ದ ಗೆರೆ ಅಷ್ಟರಲ್ಲಿ ಕಡುಕಪ್ಪಾಗಿತ್ತು. ಪಕ್ಕದಲ್ಲಿದ್ದ ಗೆಳತಿ ಅದನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿ ನೋಡಿ, ಇದು ಹೋಗಲು ಎಷ್ಟು ದಿನ ಬೇಕು ಎಂದು ಕೇಳಿದಳು. ಆ ಶಾಯಿ ನಮ್ಮ ಮೈಸೂರಿನ ಕಾರ್ಖಾನೆಯಲ್ಲಿಯೇ ತಯಾರಾಗುತ್ತದೆ, 1962ರಿಂದ ದೇಶದ ಚುನಾವಣೆಗಳಿಗೆಲ್ಲ ಅಲ್ಲಿಂದಲೇ ಹೋಗುತ್ತಿದೆ ಎಂದು ನಾನು ಹೇಳಿದಾಗ ಇಡೀ ತರಗತಿ ಆಸಕ್ತಿಯಿಂದ ಕೇಳಿಸಿಕೊಂಡಿತು. ಆದರೆ ನಲವತ್ತೊಂಬತ್ತು ಬೆರಳುಗಳು ಖಾಲಿ ಇದ್ದವಲ್ಲ ಎಂಬ ಸಂಗತಿ ನನ್ನನ್ನು ಬಿಟ್ಟಿಲ್ಲ.

ಈ ಮಕ್ಕಳು ಬೇಜವಾಬ್ದಾರರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಬೇಸಿಗೆಯಲ್ಲಿ ನಗರಕ್ಕೆ ನೀರಿನ ಬರ ಬಂದಾಗ ಸುತ್ತಲಿನ ಬಡಾವಣೆಗಳಲ್ಲಿ ಯಾವ ಕೊಳವೆಬಾವಿ ಬತ್ತಿದೆ, ಯಾವ ಬೀದಿಗೆ ಟ್ಯಾಂಕರ್ ಬಂದಿಲ್ಲ ಎಂದು ಮನೆಮನೆಗೆ ಹೋಗಿ ಪಟ್ಟಿ ಮಾಡಿ ಕಚೇರಿಗೆ ಮನವಿ ಕೊಟ್ಟವರು ಇದೇ ತರಗತಿಯವರು. ನಾವು ಕೂಡ ಕೈಕಟ್ಟಿ ಕುಳಿತಿರಲಿಲ್ಲ. ಜನವರಿ 25ರ ಮತದಾರರ ದಿನದಂದು ಪ್ರತಿಜ್ಞೆ ಮಾಡಿಸಿದೆವು, ಜಾಥಾ ನಡೆಸಿದೆವು, ರಂಗೋಲಿ ಸ್ಪರ್ಧೆ ಏರ್ಪಡಿಸಿದೆವು, ಬೀದಿ ನಾಟಕ ಆಡಿಸಿದೆವು. ಬೀದಿ ನಾಟಕದಲ್ಲಿ ಮುಖ್ಯ ಪಾತ್ರ ವಹಿಸಿದ ಹುಡುಗನೇ ಮತ ಹಾಕಿರಲಿಲ್ಲ.

ಬೆಂಗಳೂರು ದಕ್ಷಿಣದಲ್ಲಿ ಆ ಸಲ ಮತದಾನ ಸುಮಾರು ಶೇ. 53. ನಗರದ ಉಳಿದ ಎರಡು ಕ್ಷೇತ್ರಗಳಲ್ಲಿ ಶೇ. 54ರ ಆಸುಪಾಸು. ಅದೇ ದಿನ ನೂರು ಕಿಲೋಮೀಟರ್ ಆಚೆಯ ಮಂಡ್ಯದಲ್ಲಿ ಶೇ. 81 ದಾಟಿತ್ತು. ಹಾಗಾದರೆ ನಮ್ಮ ಮಕ್ಕಳನ್ನು ತಡೆಯುತ್ತಿರುವುದು ಯಾವುದು? ಕಾಲೇಜೊಂದು ನಿಜವಾಗಿ ಮಾಡಬಹುದಾದ ಕೆಲಸ ಏನಾದರೂ ಇದೆಯೇ? ಉಪದೇಶ ಸಾಕಷ್ಟು ಮಾಡಿ ಆಗಿದೆ. ಕೆಲಸಕ್ಕೆ ಬರುವ ಮಾತು ಬೇಕು.

ಉತ್ತರ 1: ನಿವೃತ್ತ ಶಿಕ್ಷಕ, ಮಾಜಿ ಮತಗಟ್ಟೆ ಮಟ್ಟದ ಅಧಿಕಾರಿ

ಮೇಡಂ, ನಾನು ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದಾಗ ಒಂಬತ್ತು ವರ್ಷ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯಾಗಿ ಮತದಾರರ ಪಟ್ಟಿಯ ಕೆಲಸ ಮಾಡಿದ್ದೇನೆ. ತಮ್ಮ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ತಾವು ಮತದಾನದ ನಂತರದ ಸೋಮವಾರ ಬೆರಳು ನೋಡಿದಿರಿ. ಮತದಾನಕ್ಕೆ ಆರು ತಿಂಗಳು ಮುಂಚೆ ಮತದಾರರ ಪಟ್ಟಿ ನೋಡಬೇಕಿತ್ತು. ಆ ನಲವತ್ತೊಂಬತ್ತು ಮಕ್ಕಳಲ್ಲಿ ಬಹುಪಾಲು ಜನರಿಗೆ ಅಂದು ಬೆಂಗಳೂರಿನ ಯಾವ ಮತಗಟ್ಟೆಯಲ್ಲಿಯೂ ಮತವೇ ಇದ್ದಿರಲಾರದು.

ಒಂದು ಸೂಕ್ಷ್ಮವನ್ನು ಮೊದಲು ಗಮನಿಸಬೇಕು. ಶೇಕಡಾವಾರು ಮತದಾನ ಎಂದರೆ ಪಟ್ಟಿಯಲ್ಲಿ ಹೆಸರಿರುವವರಲ್ಲಿ ಎಷ್ಟು ಮಂದಿ ಬಂದರು ಎಂಬ ಲೆಕ್ಕ. ಹೆಸರನ್ನೇ ಬರೆಸದ ಹದಿನೆಂಟು ವರ್ಷದ ಹುಡುಗ ಆ ಲೆಕ್ಕದಲ್ಲಿ ಬಂದವರ ಸಾಲಿನಲ್ಲೂ ಇಲ್ಲ, ಬಾರದವರ ಸಾಲಿನಲ್ಲೂ ಇಲ್ಲ. 2024ರಲ್ಲಿ ದೇಶದಲ್ಲಿ 18 ಮತ್ತು 19 ವಯಸ್ಸಿನವರ ಸಂಖ್ಯೆ ಅಂದಾಜು 4.9 ಕೋಟಿ ಇದ್ದರೆ, ಪಟ್ಟಿಯಲ್ಲಿದ್ದವರು ಸುಮಾರು 1.8 ಕೋಟಿ. ಹತ್ತು ಮಕ್ಕಳಲ್ಲಿ ಆರು ಮಂದಿ ಬಾಗಿಲ ಹೊರಗೇ ನಿಂತಿದ್ದರು. ಜೊತೆಗೆ ಮತಗಟ್ಟೆಯಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಎಣಿಸುತ್ತಾರೆಯೇ ಹೊರತು ವಯಸ್ಸಿನ ಲೆಕ್ಕ ಇಡುವುದಿಲ್ಲ. ಆದ್ದರಿಂದ ಯುವಕರು ಮತ ಹಾಕುವುದಿಲ್ಲ ಎಂದು ಖಚಿತವಾಗಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಸಂಕೋಚವಾಗುತ್ತದೆ. ಯುವಕರ ಹೆಸರು ಪಟ್ಟಿಯಲ್ಲಿಲ್ಲ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಇದು ಹೇಗೆ ಆಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಭಾಗದಲ್ಲಿ ಒಂದೇ ರಸ್ತೆಯಲ್ಲಿ ಏಳು ಪೇಯಿಂಗ್ ಗೆಸ್ಟ್ ಕಟ್ಟಡಗಳಿದ್ದವು. ಭಾನುವಾರ ಬೆಳಿಗ್ಗೆ ವಹಿ ಹಿಡಿದು ಹೋದರೆ ಗೇಟಿನಲ್ಲಿಯೇ ಕಾವಲುಗಾರ ತಡೆದು, ಇಲ್ಲಿ ಮನೆಯವರು ಯಾರೂ ಇಲ್ಲ ಸಾರ್, ಎಲ್ಲ ಹುಡುಗರು ಎನ್ನುತ್ತಿದ್ದ. ಮೆಟ್ಟಿಲ ಪಕ್ಕದಲ್ಲಿ ನಲವತ್ತು ಜೊತೆ ಚಪ್ಪಲಿ ಬಿದ್ದಿರುತ್ತಿದ್ದವು. ನನ್ನ ವಹಿಯಲ್ಲಿ ಮಾತ್ರ ಆ ಕಟ್ಟಡದ ಎದುರು ಮಾಲೀಕರ ಕುಟುಂಬದ ನಾಲ್ಕು ಹೆಸರು. ಆ ಚಪ್ಪಲಿಗಳ ಒಡೆಯರಿಗೆ ನಾನು ಬಂದು ಹೋದದ್ದು ಗೊತ್ತಾಗುತ್ತಿರಲಿಲ್ಲ.

ಮಾಲೀಕರಿಗೆ ಬಾಡಿಗೆ ಪತ್ರ ಕೊಡಲು ಅಳುಕು. ಕೊಟ್ಟರೂ ಅದು ಹನ್ನೊಂದು ತಿಂಗಳ ಕರಾರು, ನೋಂದಣಿ ಆಗಿರುವುದಿಲ್ಲ. ಅರ್ಜಿಯೊಂದಿಗೆ ಕೇಳುವುದು ನೋಂದಾಯಿತ ಬಾಡಿಗೆ ಪತ್ರ. ವಿದ್ಯುತ್ ಬಿಲ್ ಮಾಲೀಕರ ಹೆಸರಿನಲ್ಲಿ, ಆಧಾರ್ ಊರಿನ ವಿಳಾಸದಲ್ಲಿ. ಇಷ್ಟಕ್ಕೇ ಹುಡುಗರು ಕೈಬಿಡುತ್ತಾರೆ. ಆದರೆ ಅರ್ಜಿಯಲ್ಲಿ ಹೇಳಿದ ದಾಖಲೆ ಇಲ್ಲದವರಿಗೂ ದಾರಿ ಇದೆ: ಬೇರೆ ದಾಖಲೆ ಕೊಟ್ಟರೆ ಬಿಎಲ್‌ಒ ಸ್ಥಳಕ್ಕೆ ಬಂದು ಪರಿಶೀಲಿಸಿ ವರದಿ ಕೊಡುತ್ತಾರೆ. ವಿದ್ಯಾರ್ಥಿಗಳಿಗಂತೂ ಇನ್ನೂ ಸುಲಭ. ಹಾಸ್ಟೆಲಿನಲ್ಲೋ ಬೇರೆಡೆಯೋ ಇದ್ದು ಓದುವವರು ತಂದೆತಾಯಿಯ ಊರಿನಲ್ಲಿ ಹೆಸರು ಇಟ್ಟುಕೊಳ್ಳಬಹುದು, ಇಲ್ಲವೇ ಓದುವ ಊರಿನಲ್ಲಿ ಬರೆಸಬಹುದು, ಆಯ್ಕೆ ಅವರದು. ಓದುವ ಊರಿನಲ್ಲಿ ಬೇಕೆಂದರೆ, ಈತ ನಮ್ಮ ವಿದ್ಯಾರ್ಥಿ ಎಂದು ಪ್ರಾಂಶುಪಾಲರು ದೃಢೀಕರಿಸಿದ ಪತ್ರ ಬಹಳ ದೊಡ್ಡ ಸಹಾಯವಾಗುತ್ತದೆ. ಮೇಡಂ, ಕಾಲೇಜು ಮಾಡಬಹುದಾದ ಕೆಲಸ ಯಾವುದು ಎಂದು ಕೇಳಿದಿರಲ್ಲ, ಅದು ಈ ಪತ್ರ. ಒಂಬತ್ತು ವರ್ಷಗಳಲ್ಲಿ ನನ್ನ ಕೈಗೆ ಅಂತಹ ಪತ್ರ ಬಂದದ್ದು ಎರಡೇ ಸಲ.

ಇನ್ನೊಂದು ಮಾತು. ಮೊದಲೆಲ್ಲ ಜನವರಿ 1ಕ್ಕೆ ಹದಿನೆಂಟು ತುಂಬಿದವರಿಗೆ ಮಾತ್ರ ಅವಕಾಶವಿತ್ತು. ಜನವರಿ 2ರಂದು ಹುಟ್ಟಿದವರು ಒಂದು ವರ್ಷ ಕಾಯಬೇಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕೂ ತಿಂಗಳ ಮೊದಲ ದಿನಗಳು ಅರ್ಹತಾ ದಿನಾಂಕಗಳು, ಮತ್ತು ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು. ಹೊಸಬರಿಗೆ ನಮೂನೆ 6, ಸ್ಥಳ ಬದಲಾದವರಿಗೆ ನಮೂನೆ 8. ಇದನ್ನು ಪಿಯುಸಿಯಲ್ಲಿಯೇ ಹೇಳಿಕೊಡಬೇಕು.

ಉತ್ತರ 2: ಸಾಫ್ಟ್‌ವೇರ್ ಉದ್ಯೋಗಿ, ಊರು ಹಾವೇರಿ ಜಿಲ್ಲೆ

ನಾನು ಆ ಚಪ್ಪಲಿಗಳ ಒಡೆಯರಲ್ಲಿ ಒಬ್ಬ. ಇಪ್ಪತ್ತಾರು ವರ್ಷ. ಹಿಂದಿನ ಉತ್ತರ ಓದಿದಾಗ ಮನಸ್ಸಿಗೆ ನಾಟಿತು, ಆದ್ದರಿಂದ ನನ್ನ ಕಡೆಯದನ್ನು ಬರೆಯುತ್ತಿದ್ದೇನೆ.

2024ರ ಲೋಕಸಭಾ ಚುನಾವಣೆ ಕರ್ನಾಟಕದಲ್ಲಿ ಎರಡು ಹಂತಗಳಲ್ಲಿ ನಡೆಯಿತು. ಏಪ್ರಿಲ್ 26ರಂದು ಬೆಂಗಳೂರು, ಮೇ 7ರ ಮಂಗಳವಾರ ನಮ್ಮ ಹಾವೇರಿ. ಏಪ್ರಿಲ್ 26ರಂದು ನಮ್ಮ ಕಂಪನಿ ಎಲ್ಲರಿಗೂ ರಜೆ ಕೊಟ್ಟಿತು. ಅಂದು ನನಗೆ ಬೆಂಗಳೂರಿನಲ್ಲಿ ಮತವಿರಲಿಲ್ಲ, ಕೋಣೆಯಲ್ಲಿ ಮಲಗಿದ್ದೆ. ಮೇ 7ರಂದು ಮತ ಇತ್ತು, ರಜೆ ಇರಲಿಲ್ಲ. ಸೋಮವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ, ಸುಮಾರು 340 ಕಿಲೋಮೀಟರ್ ಹೋಗಿ, ಮತ ಹಾಕಿ, ಮಂಗಳವಾರ ರಾತ್ರಿ ಮತ್ತೆ ಬಸ್ ಹತ್ತಿ, ಬುಧವಾರ ಬೆಳಿಗ್ಗೆ ನೇರವಾಗಿ ಕೆಲಸಕ್ಕೆ ಹೋಗಬೇಕಿತ್ತು. ಮೇಲಧಿಕಾರಿಯವರನ್ನು ಕೇಳಿದೆ. ಮತದಾನದ ರಜೆ ಹತ್ತು ದಿನದ ಹಿಂದೆಯೇ ಕೊಟ್ಟಾಯಿತಲ್ಲ ಎಂದರು. ನನಗೂ ಅದು ಸರಿ ಎಂದೇ ಅನ್ನಿಸಿ ಸುಮ್ಮನಾದೆ.

ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ಮತದಾರ ನೌಕರನಿಗೆ ಸಂಬಳಸಹಿತ ರಜೆ ಕೊಡಬೇಕು, ಆತ ಬೇರೆ ಊರಿನಲ್ಲಿ ದುಡಿಯುತ್ತಿದ್ದರೂ ತನ್ನ ಕ್ಷೇತ್ರದ ಮತದಾನದ ದಿನ ಆ ಹಕ್ಕು ಇದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಗೊತ್ತಿದ್ದರೆ ಮೇಲಧಿಕಾರಿಯವರ ಮುಂದೆ ಗಟ್ಟಿಯಾಗಿ ಹೇಳಬಹುದಿತ್ತು. ಅವರಿಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಹಾಗಾದರೆ ಹೆಸರನ್ನು ಬೆಂಗಳೂರಿಗೆ ಏಕೆ ತಂದುಕೊಳ್ಳಲಿಲ್ಲ ಎಂದು ಕೇಳಬಹುದು. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಾನು ಒಮ್ಮೆ ನಮೂನೆ 8 ತುಂಬಲು ಕುಳಿತಿದ್ದೆ. ಅಪ್ಪನಿಗೆ ಫೋನ್ ಮಾಡಿದಾಗ ಅವರು ಬೇಡವೇ ಬೇಡ ಎಂದರು. ಊರಿನ ಪಟ್ಟಿಯಿಂದ ಹೆಸರು ಹೋದರೆ ರೇಷನ್ ಕಾರ್ಡಿನಿಂದಲೂ ಹೋಗುತ್ತದೆ, ನಾಳೆ ಹೊಲದ ಖಾತೆಗೂ ತೊಡಕಾಗುತ್ತದೆ ಎಂಬ ಭಯ ಅವರಿಗೆ. ಎರಡಕ್ಕೂ ಮತದಾರರ ಪಟ್ಟಿಗೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ ಅವರ ಮನಸ್ಸು ಒಪ್ಪಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಗ್ರಾಮ ಪಂಚಾಯಿತಿ ಚುನಾವಣೆ. ನಮ್ಮ ಮನೆಯಲ್ಲಿ ಐದು ಮತ. ಪಂಚಾಯಿತಿಯಲ್ಲಿ ಹತ್ತು ಹದಿನೈದು ಮತಗಳ ಅಂತರದಲ್ಲಿ ಸೋಲು ಗೆಲುವು ತೀರ್ಮಾನವಾಗುವಾಗ ಐದು ಮತದ ಮನೆಗೆ ಊರಿನಲ್ಲಿ ಒಂದು ತೂಕ ಇರುತ್ತದೆ. ನಾಲ್ಕಾದರೆ ಆ ತೂಕ ಅಷ್ಟು ಇಳಿಯುತ್ತದೆ. 2020ರ ಡಿಸೆಂಬರಿನಲ್ಲಿ ಪಂಚಾಯಿತಿ ಚುನಾವಣೆ ಬಂದಾಗ ನಮ್ಮನ್ನು ಬೆಂಗಳೂರಿನಿಂದ ಕರೆದೊಯ್ಯಲು ವಾಹನವೇ ಬಂದಿತ್ತು. ಹದಿನಾಲ್ಕು ಹುಡುಗರು ಹೋಗಿ ಮತ ಹಾಕಿ ಬಂದೆವು. ಅದೇ ಹದಿನಾಲ್ಕು ಮಂದಿಯಲ್ಲಿ ಲೋಕಸಭೆಗೆ ಮತ ಹಾಕಿದವರು ಮೂವರು. ನಮಗೆ ಆಸಕ್ತಿ ಇಲ್ಲವೆಂದಾದರೆ ಡಿಸೆಂಬರಿನ ಚಳಿಯಲ್ಲಿ ಆ ಪ್ರಯಾಣ ಏಕೆ ಮಾಡಿದೆವು?

ಚುನಾವಣಾ ಆಯೋಗ 2022ರ ಕೊನೆಯಲ್ಲಿ ದೂರದಿಂದಲೇ ಮತ ಹಾಕುವ ಯಂತ್ರವೊಂದರ ಪ್ರಸ್ತಾವ ಮುಂದಿಟ್ಟಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳವರು ಮತ ಹಾಕಬಹುದು ಎಂದಿತ್ತು. ನಮ್ಮಂಥವರಿಗಾಗಿಯೇ ಮಾಡಿದ ಯೋಚನೆ ಅದು. ಮರು ಜನವರಿಯಲ್ಲಿ ಪಕ್ಷಗಳ ಸಭೆ ನಡೆಯಿತು, ವಿರೋಧ ಬಂತು, ಮುಂದಿನ ವರ್ಷದ ಲೋಕಸಭಾ ಚುನಾವಣೆಗೆ ಅದು ಬರಲಿಲ್ಲ. ಪಕ್ಷಗಳು ಎತ್ತಿದ ಅನುಮಾನಗಳಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಬೇರೆ ಊರಿನ ಮತಗಟ್ಟೆಯಲ್ಲಿ ಏಜೆಂಟರು ಯಾರು, ನೀತಿ ಸಂಹಿತೆ ನೋಡಿಕೊಳ್ಳುವವರು ಯಾರು ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕೆ ಬದಲಾಗಿ ಏನು ಎಂಬ ಮಾತನ್ನು ಆಮೇಲೆ ಯಾರೂ ಆಡಲಿಲ್ಲ ಎಂಬುದು ನನ್ನ ನೋವು.

ಉತ್ತರ 3: ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಬೆಂಗಳೂರು

ಮೇಡಂ, ನಾನು ತಮ್ಮ ಕಾಲೇಜಿನವಳಲ್ಲ, ಆದರೆ ತಮ್ಮ ತರಗತಿಯಲ್ಲಿ ಇದ್ದಿದ್ದರೆ ನನ್ನ ಬೆರಳೂ ಖಾಲಿ ಇರುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಇದೇ ನಗರದಲ್ಲಿ. ಪಟ್ಟಿಯಲ್ಲಿ ಹೆಸರಿತ್ತು. ಮತಗಟ್ಟೆ ಮನೆಯಿಂದ ಐದು ನಿಮಿಷದ ದಾರಿ. ಆದ್ದರಿಂದ ವಿಳಾಸದ ಕಾರಣ ನನಗೆ ಅನ್ವಯಿಸುವುದಿಲ್ಲ. ನಾನು ಯೋಚಿಸಿಯೇ ಹೋಗಲಿಲ್ಲ.

ನನಗೆ ಹದಿನೆಂಟು ತುಂಬಿದ್ದು 2021ರಲ್ಲಿ. ನಮ್ಮ ಮನೆ ಮುಂದೆ ಮಳೆ ಬಂದಾಗಲೆಲ್ಲ ಚರಂಡಿ ಉಕ್ಕುತ್ತದೆ. ಅದನ್ನು ಸರಿಪಡಿಸಬೇಕಾದವರು ಸಂಸದರೂ ಅಲ್ಲ, ಶಾಸಕರೂ ಅಲ್ಲ, ಪಾಲಿಕೆಯವರು. ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವಾರ್ಡುಗಳ ಗಡಿ, ಮೀಸಲಾತಿ, ನ್ಯಾಯಾಲಯ, ಹೊಸ ಕಾಯ್ದೆ ಎಂದು ವರ್ಷಗಳು ಉರುಳಿದವು. ನಾನು ಮತದಾರಳಾದ ಮೇಲೆ, ನನ್ನ ಓದಿನ ಕಾಲವೆಲ್ಲ, ನನ್ನ ಬೀದಿಯನ್ನು ಆಳಿದವರು ಆಡಳಿತಾಧಿಕಾರಿಗಳು. ನನಗೆ ತೀರಾ ಹತ್ತಿರದ ಚುನಾವಣೆಯನ್ನೇ ನಡೆಸದೆ, ದೂರದ ಚುನಾವಣೆಗೆ ಬಾ ಎಂದು ಕರೆದರೆ ಆ ಕರೆ ನನ್ನ ಕಿವಿಗೆ ಟೊಳ್ಳಾಗಿ ಕೇಳಿಸುತ್ತದೆ. ಕಾಲೇಜಿನಲ್ಲಾದರೂ ಮತದಾನ ಎಂದರೆ ಏನೆಂದು ಕಲಿಯಬಹುದಿತ್ತು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು ನಿಂತು ಮೂರು ದಶಕಗಳೇ ಕಳೆದಿವೆ. ನಮ್ಮ ತರಗತಿಯ ಪ್ರತಿನಿಧಿಯನ್ನು ಅಂಕ ನೋಡಿ ನೇಮಿಸುತ್ತಾರೆ.

ಯಾವ ಅಭ್ಯರ್ಥಿಯೂ ಬೇಡ ಎನ್ನುವ ನೋಟಾ ಗುಂಡಿಯನ್ನಾದರೂ ಒತ್ತಬಹುದಿತ್ತು ಎನ್ನುತ್ತಾರೆ. 2024ರಲ್ಲಿ ಇಂದೋರಿನಲ್ಲಿ 2.18 ಲಕ್ಷ ಜನ ನೋಟಾ ಒತ್ತಿದರು, ಅದು ಎರಡನೆಯ ಸ್ಥಾನಕ್ಕೆ ಬಂತು, ಫಲಿತಾಂಶದಲ್ಲಿ ಒಂದಿಷ್ಟೂ ವ್ಯತ್ಯಾಸವಾಗಲಿಲ್ಲ. ಲೋಕಸಭೆಯಲ್ಲಿ ನೋಟಾ ಮೊದಲ ಸ್ಥಾನಕ್ಕೆ ಬಂದರೂ ಅದರ ನಂತರದ ಅಭ್ಯರ್ಥಿಯೇ ಗೆದ್ದಂತೆ. ಅಂದ ಮೇಲೆ ಮನೆಯಲ್ಲಿ ಉಳಿದ ನನಗೂ ಸರತಿಯಲ್ಲಿ ನಿಂತು ನೋಟಾ ಒತ್ತಿದವರಿಗೂ ಏನು ವ್ಯತ್ಯಾಸ? ಇದನ್ನು ವಾದಕ್ಕಾಗಿ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಉತ್ತರ 4: ಓದುಗ, ದಾವಣಗೆರೆ

ಆಸ್ಟ್ರೇಲಿಯಾದಲ್ಲಿ 1924ರಿಂದ ಮತದಾನ ಕಡ್ಡಾಯ, ತಪ್ಪಿದರೆ ದಂಡ. ಅಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂಬತ್ತು ಮಂದಿ ಮತ ಹಾಕುತ್ತಾರೆ. ನಮ್ಮಲ್ಲಿಯೂ ಹಾಗೆಯೇ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಗುಜರಾತಿನಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಇಂಥ ಕಾನೂನು ಮಾಡಿದಾಗ 2015ರಲ್ಲಿ ಹೈಕೋರ್ಟ್ ತಡೆಯಾಜ್ಞೆ ನೀಡಿತು ಎಂಬುದು ಗೊತ್ತಿದೆ. ಆದರೂ ಪ್ರಯತ್ನ ಬಿಡಬಾರದು.

ಉತ್ತರ 5: ಮಾಜಿ ಗ್ರಾಮ ಪಂಚಾಯಿತಿ ಸದಸ್ಯೆ, ಮಂಡ್ಯ ಜಿಲ್ಲೆ

ದಾವಣಗೆರೆಯ ಅಣ್ಣನವರಿಗೆ ಒಂದೇ ಮಾತು: ಹಾವೇರಿಯ ಹುಡುಗನಿಗೆ ರಜೆ ಸಿಗದಿದ್ದಾಗ ದಂಡ ಕಟ್ಟಬೇಕಾದವರು ಯಾರು? ಮೊದಲು ಅದನ್ನು ತೀರ್ಮಾನಿಸಬೇಕಾಗುತ್ತದೆ.

ನಮ್ಮ ಜಿಲ್ಲೆಯ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ರಾಜ್ಯ ಶೇ. 73 ದಾಟಿದರೆ ನಮ್ಮ ಮೇಲುಕೋಟೆ ಕ್ಷೇತ್ರ ಶೇ. 90 ದಾಟಿತ್ತು. ಮಂಡ್ಯದವರು ಬಹಳ ಪ್ರಜ್ಞಾವಂತರು ಎಂದು ಪತ್ರಿಕೆಗಳು ಹೊಗಳಿದವು. ಹೊಗಳಿಕೆ ಕೇಳಲು ಹಿತವಾಗಿದ್ದರೂ ಒಳಗಿನ ಸತ್ಯ ಬೇರೆ ಇದೆ. ನಮ್ಮಲ್ಲಿ ಮತದಾನದ ದಿನ ಬೆಳಿಗ್ಗೆ ಹತ್ತು ಗಂಟೆಯಷ್ಟು ಹೊತ್ತಿಗೆ ಶಾಲೆಯ ಹೊರಗೆ ಬೇವಿನ ಮರದ ಕೆಳಗೆ ಕುಳಿತ ಎರಡೂ ಪಕ್ಷದ ಹುಡುಗರು ಪಟ್ಟಿಯಲ್ಲಿ ಗೀಟು ಎಳೆಯುತ್ತಾ, ಕೆರೆ ಏರಿ ಕೆಳಗಿನ ಮನೆಯ ಅಜ್ಜಿ ಇನ್ನೂ ಬಂದಿಲ್ಲ, ಗಾಡಿ ಕಳಿಸಿ ಎನ್ನುತ್ತಿರುತ್ತಾರೆ. ಬಾರದವರ ಹೆಸರು ಊರಿಗೇ ಗೊತ್ತಾಗುತ್ತದೆ. ಇದರಲ್ಲಿ ಅಕ್ಕರೆ ಇದೆ, ಹಟ ಇದೆ, ಜಾತಿಯ ಲೆಕ್ಕವಿದೆ, ಎಷ್ಟೋ ಕಡೆ ಹಣವೂ ಇದೆ. ಎಲ್ಲವನ್ನೂ ಸರಿ ಎಂದು ನಾನು ಹೇಳಲಾರೆ. ಆದರೆ ನಮ್ಮಲ್ಲಿ ಪ್ರತಿ ಮತದಾರನನ್ನೂ ಯಾರಾದರೂ ಕೇಳುತ್ತಾರೆ. ಆ ಪೇಯಿಂಗ್ ಗೆಸ್ಟ್ ಕಟ್ಟಡದ ನಲವತ್ತು ಹುಡುಗರನ್ನು ಯಾರು ಕೇಳಿದರು? ಪಟ್ಟಿಯಲ್ಲಿ ಹೆಸರಿಲ್ಲದವರ ಬಾಗಿಲಿಗೆ ಅಭ್ಯರ್ಥಿ ಬರುವುದಿಲ್ಲ. ಅಭ್ಯರ್ಥಿ ಬಾರದ ಬಾಗಿಲಿನ ಕಷ್ಟ ಪ್ರಣಾಳಿಕೆಗೆ ಸೇರುವುದಿಲ್ಲ. ಕಷ್ಟ ಕೇಳದವರಿಗೆ ಮತ ಏಕೆ ಎಂದು ಹುಡುಗರು ಹೆಸರು ಬರೆಸುವುದಿಲ್ಲ. ಗಾಣದ ಎತ್ತು ಸುತ್ತಿದಂತೆ ಸುತ್ತುತ್ತಲೇ ಇರುತ್ತದೆ.

ಈಗ ಬಿ.ಎ. ಓದುವ ಮಗಳ ಪ್ರಶ್ನೆಗೆ ಬರುತ್ತೇನೆ. ಅಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದು. ಪಾಲಿಕೆಗೆ ವರ್ಷಗಟ್ಟಲೆ ಚುನಾವಣೆ ನಡೆಸದೆ ಇದ್ದದ್ದು ನಿನ್ನ ವಯಸ್ಸಿನವರಿಗೆ ಮಾಡಿದ ದೊಡ್ಡ ಅನ್ಯಾಯವೇ. ಆದರೆ ನೀನು ಮನೆಯಲ್ಲಿ ಉಳಿದೆಯಲ್ಲ, ಅದು ಯಾರಿಗೆ ಕಾಣಿಸಿತು? ಅದೇ 2024ರ ಏಪ್ರಿಲ್ 26ರಂದು ಮಲೆಮಹದೇಶ್ವರ ಬೆಟ್ಟದ ಕಾಡಿನ ಇಂಡಿಗನತ್ತ ಗ್ರಾಮದವರು ರಸ್ತೆಯಿಲ್ಲ, ನೀರಿಲ್ಲ, ವಿದ್ಯುತ್ತಿಲ್ಲ ಎಂದು ಮತದಾನ ಬಹಿಷ್ಕರಿಸಿದರು. ಮನವೊಲಿಸಲು ಅಧಿಕಾರಿಗಳು ಹೋದಾಗ ಗಲಾಟೆಯಾಗಿ ಮತಯಂತ್ರ ಒಡೆದರು. ಅದು ತಪ್ಪು, ಅದಕ್ಕಾಗಿ ಆ ಬಡವರು ಆಮೇಲೆ ಬಹಳ ಕಷ್ಟಪಟ್ಟರು. ಏಪ್ರಿಲ್ 29ರಂದು ಮರುಮತದಾನ ಇಟ್ಟರೂ ಬಂದವರು ಹತ್ತರಲ್ಲೊಬ್ಬರು. ಆದರೆ ಊರೆಲ್ಲ ಕೂಡಿ, ಕಾರಣ ಹೇಳಿ, ಹೋಗುವುದಿಲ್ಲ ಎಂದದ್ದರಿಂದ ಇಡೀ ರಾಜ್ಯಕ್ಕೆ ಆ ಊರಿನ ಹೆಸರು ತಿಳಿಯಿತು. ನೀನು ಒಬ್ಬಳೇ, ಯಾರಿಗೂ ಹೇಳದೆ, ಮನೆಯಲ್ಲಿ ಉಳಿದದ್ದನ್ನು ಎಣಿಸುವವರು ನಿದ್ದೆ ಮಾಡಿದವರ ಲೆಕ್ಕಕ್ಕೆ ಸೇರಿಸಿಬಿಟ್ಟರು. ನೋಟಾಕ್ಕೂ ಮನೆಗೂ ವ್ಯತ್ಯಾಸ ಅಷ್ಟೇ: ನೋಟಾ ಒಂದು ಸಂಖ್ಯೆಯಾಗಿ ಉಳಿಯುತ್ತದೆ. ಇಂದೋರಿನ 2.18 ಲಕ್ಷ ಎಂಬ ಸಂಖ್ಯೆಯನ್ನು ನೀನೇ ಇಲ್ಲಿ ಬರೆದೆ, ಎಣಿಸಿದ್ದರಿಂದ ತಾನೇ ಅದು ನಿನಗೆ ತಿಳಿದದ್ದು.

ಒಂದು ಮತದಿಂದ ಏನಾಗುತ್ತದೆ ಎಂಬ ಮಾತಿಗೆ ನಮ್ಮ ಕಡೆಯವರಿಗೆ ಉತ್ತರ ಹುಡುಕಬೇಕಾಗಿಲ್ಲ. 2004ರಲ್ಲಿ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ನಗರದಲ್ಲಿ ಹೀಗಾಗುವುದಿಲ್ಲ ಎಂದುಕೊಳ್ಳಬೇಡಿ: 2023ರಲ್ಲಿ ನಿಮ್ಮ ಬೆಂಗಳೂರಿನ ಜಯನಗರದಲ್ಲಿ ಮಧ್ಯರಾತ್ರಿಯವರೆಗೆ ಮರುಎಣಿಕೆ ನಡೆದು ಕೊನೆಗೆ ಅಂತರ 16 ಮತ. ಆ ಕ್ಷೇತ್ರದಲ್ಲಿ ಮತ ಹಾಕದೆ ಉಳಿದ ಕಾಲೇಜಿನ ಮಕ್ಕಳು ಒಂದು ತರಗತಿಯಷ್ಟಾದರೂ ಇರಲಿಲ್ಲವೇ?

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಪಂಚಾಯಿತಿಗೆ ನಿಲ್ಲಲು 21 ವರ್ಷ ಸಾಕು, ಪಾಲಿಕೆಗೂ ಅಷ್ಟೇ. ನಾನು ಮೊದಲ ಸಲ ನಿಂತಾಗ ನನಗೆ ಇಪ್ಪತ್ತಮೂರು, ಮಡಿಲಲ್ಲಿ ಕೂಸು. ನಮ್ಮ ಊರಿನ ಹೆಣ್ಣುಮಕ್ಕಳು ಅಂದು ಗಂಡಂದಿರನ್ನು ಕೇಳದೆ ಮತ ಹಾಕಿದ್ದು ನನಗೆ ಎಂದು ಆಮೇಲೆ ಅವರೇ ಹೇಳಿದರು. ನಮ್ಮ ವಯಸ್ಸಿನವರು ಕಣದಲ್ಲಿದ್ದರೆ ನಮ್ಮ ವಯಸ್ಸಿನವರು ಬರುತ್ತಾರೆ. ನಿನ್ನ ವಾರ್ಡಿಗೆ ಚುನಾವಣೆ ಬಂದ ದಿನ ನೀನು ಮತ ಹಾಕುವುದು ಮಾತ್ರವಲ್ಲ, ನಿಲ್ಲುವ ಯೋಚನೆಯನ್ನೂ ಮಾಡಬೇಕು.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಉತ್ತರಗಳನ್ನು ಓದಿದ ಮೇಲೆ ಎರಡು ದಿನ ಏನೂ ಬರೆಯಲಿಲ್ಲ. ಮೊದಲು ನನ್ನ ತರಗತಿಯಲ್ಲಿ ವಿಚಾರಿಸೋಣ ಎಂದುಕೊಂಡೆ. ನಿನ್ನೆ ಈ ವರ್ಷದ ಮೊದಲ ಸೆಮಿಸ್ಟರಿನ ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು, ಮತ ಹಾಕುವಿರಾ ಎಂದು ಕೇಳದೆ, ನಿಮ್ಮ ಹೆಸರು ಯಾವ ಊರಿನ ಪಟ್ಟಿಯಲ್ಲಿದೆ ಎಂದಷ್ಟೇ ಕೇಳಿದೆ. ಅರವತ್ತೊಂದು ಚೀಟಿಗಳು ಬಂದವು. ಬೆಂಗಳೂರು ಎಂದು ಬರೆದವರು ಹದಿನಾಲ್ಕು ಮಂದಿ. ತುಮಕೂರು, ರಾಯಚೂರು, ಹಾಸನ, ಕೊಪ್ಪಳ, ಹಿಂದೂಪುರ ಎಂದು ಊರಿನ ಹೆಸರು ಬರೆದವರು ಹತ್ತೊಂಬತ್ತು. ಉಳಿದ ಇಪ್ಪತ್ತೆಂಟು ಚೀಟಿಗಳಲ್ಲಿ ಎಲ್ಲಿಯೂ ಇಲ್ಲ, ಗೊತ್ತಿಲ್ಲ ಅಥವಾ ಖಾಲಿ. ನಾನು ನಾಲ್ಕು ವರ್ಷ ಜಾಥಾ ಮಾಡಿಸಿದೆ, ಈ ಚೀಟಿಯನ್ನು ಒಮ್ಮೆಯೂ ಕೊಟ್ಟಿರಲಿಲ್ಲ. ಇದು ನನ್ನ ತಪ್ಪು ಎಂದು ಮನಸ್ಸಾರೆ ಒಪ್ಪಿಕೊಳ್ಳುತ್ತೇನೆ.

ಪ್ರಾಂಶುಪಾಲರೊಂದಿಗೆ ಮಾತನಾಡಿದ್ದೇನೆ. ದೃಢೀಕರಣ ಪತ್ರವನ್ನು ಪ್ರವೇಶದ ಸಮಯದಲ್ಲಿಯೇ, ಬಸ್ ಪಾಸಿಗೆ ಕೊಡುವಂತೆ, ಕೇಳಿದವರಿಗೆಲ್ಲ ಕೊಡಲು ಅವರು ಒಪ್ಪಿದ್ದಾರೆ. ಊರಿನಲ್ಲಿಯೇ ಹೆಸರು ಉಳಿಸಿಕೊಳ್ಳಬೇಕೆನ್ನುವ ಮಕ್ಕಳನ್ನು ನಾವು ಒತ್ತಾಯಿಸುವುದಿಲ್ಲ; ಹಾವೇರಿಯ ಸೋದರರು ಬರೆದದ್ದನ್ನು ಓದಿದ ಮೇಲೆ ಅದರ ಹಿಂದೆ ಮನೆಯವರ ಲೆಕ್ಕವೂ ಇರುತ್ತದೆ ಎಂದು ತಿಳಿಯಿತು. ಅವರಿಗಾಗಿ ಊರಿನ ಮತದಾನದ ದಿನ ಹಾಜರಾತಿ ಕಡಿತ ಮಾಡಬಾರದು, ಆ ದಿನ ಕಿರುಪರೀಕ್ಷೆ ಇಡಬಾರದು ಎಂದು ಮುಂದಿನ ಸಭೆಯಲ್ಲಿ ಕೇಳಲಿದ್ದೇನೆ. ಬಿ.ಎ. ವಿದ್ಯಾರ್ಥಿನಿ ಹೇಳಿದ ತರಗತಿ ಪ್ರತಿನಿಧಿಯ ಮಾತು ನಮ್ಮಲ್ಲಿಯೂ ನಿಜ. ಈ ಸಲ ನಮ್ಮ ವಿಭಾಗದಲ್ಲಿ ಮತಪತ್ರ ಅಚ್ಚು ಹಾಕಿಸಿ, ರಟ್ಟಿನ ಪೆಟ್ಟಿಗೆ ಇಟ್ಟು ಚುನಾವಣೆ ನಡೆಸುತ್ತೇವೆ.

ಶಿಕ್ಷಕರಲ್ಲಿ ಒಂದು ಸಣ್ಣ ಪ್ರಶ್ನೆ. ಖಾಲಿ ಚೀಟಿ ಕೊಟ್ಟವರಲ್ಲಿ ಒಬ್ಬಳಿಗೆ ಬರುವ ಜುಲೈ 1ರಂದೇ ಹದಿನೆಂಟು ತುಂಬುತ್ತದೆ. ಆಕೆ ಜುಲೈ ಲೆಕ್ಕಕ್ಕೆ ಬರುತ್ತಾಳೆಯೇ, ಅಕ್ಟೋಬರ್‌ವರೆಗೆ ಕಾಯಬೇಕೆ?

ಉತ್ತರ 6: ನಿವೃತ್ತ ಶಿಕ್ಷಕ

ಜುಲೈ 1ಕ್ಕೇ ಬರುತ್ತಾಳೆ ಮೇಡಂ, ಆ ದಿನಕ್ಕೆ ಹದಿನೆಂಟು ತುಂಬಿದ್ದರೆ ಸಾಕು. ಹದಿನೇಳು ಈಗಾಗಲೇ ಆಗಿರುವುದರಿಂದ ಅರ್ಜಿಯನ್ನು ಇಂದೇ ಹಾಕಿಸಿ. ಜನ್ಮ ದಿನಾಂಕಕ್ಕೆ ಹತ್ತನೆಯ ತರಗತಿಯ ಅಂಕಪಟ್ಟಿ ನಡೆಯುತ್ತದೆ. ಅದರಲ್ಲಿ ಹೆಸರು ಹೇಗಿದೆಯೋ ಅರ್ಜಿಯಲ್ಲಿಯೂ ಅಕ್ಷರಕ್ಕೆ ಅಕ್ಷರ ಹಾಗೆಯೇ ಇರಲಿ. ಇಪ್ಪತ್ತೆಂಟು ಅರ್ಜಿಗಳೂ ಸಿದ್ಧವಾದ ಮೇಲೆ ಆ ಭಾಗದ ಬಿಎಲ್‌ಒ ಅವರಿಗೆ ಫೋನ್ ಮಾಡಿ, ಕಾಲೇಜಿಗೇ ಬರಲು ಕೇಳಿಕೊಳ್ಳಿ. ಒಂದೇ ಕಡೆ ಇಪ್ಪತ್ತೆಂಟು ಮಕ್ಕಳು ಸಿಗುತ್ತಾರೆಂದರೆ ಅವರು ಖಂಡಿತ ಬರುತ್ತಾರೆ. ಪೇಯಿಂಗ್ ಗೆಸ್ಟ್ ಕಟ್ಟಡದಲ್ಲಿರುವ ಮಕ್ಕಳು ಮಾತ್ರ ತಮ್ಮ ಗೇಟಿನ ಕಾವಲುಗಾರನಿಗೆ ಮುಂಚಿತವಾಗಿ ಹೇಳಿಟ್ಟಿರಲಿ.